ಪಾರ್ಕಿಗೆ ಜನ ಬರದಿದ್ದರೆ ಎಷ್ಟು ಚೆಂದ!

ಬೆಂಗಳೂರಿನ ಇಂದಿರಾನಗರದ ಆ ಪಾರ್ಕ್ ಬೋರ್ಡಿನ ಫೋಟೋ ನಿಮ್ಮ ಫೋನಿಗೂ ಬಂದಿರುತ್ತದೆ. 2024ರದ್ದು. ಆದರೂ ಯಾರೋ ಒಬ್ಬರು ಆಗಾಗ ಅದನ್ನು ಈಗಷ್ಟೇ ಸಿಕ್ಕಿತು ಅನ್ನುವ ಹಾಗೆ ಗ್ರೂಪಿಗೆ ಹಾಕುತ್ತಾರೆ. ಜಾಗಿಂಗ್ ಮಾಡಬಾರದು. ಕ್ಲಾಕ್‌ವೈಸ್ ಮಾತ್ರ ನಡೆಯಬೇಕು. ಜಿಮ್ ಸಲಕರಣೆಗಳನ್ನು ದುರುಪಯೋಗ ಮಾಡಬಾರದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಮ್ಮ ಬಡಾವಣೆಯ ಪಾರ್ಕಿನ ಬೋರ್ಡು ಓದಿದೆ. ಇಂದಿರಾನಗರದವರು ಎಷ್ಟು ಉದಾರಿಗಳು ಅನ್ನಿಸಿತು.

ನಮ್ಮಲ್ಲಿ ಹುಲ್ಲಿನ ಮೇಲೆ ಕಾಲಿಡಬಾರದು. ಚೆಂಡು ತರಬಾರದು. ಸೈಕಲ್ ತರಬಾರದು. ನಾಯಿ ತರಬಾರದು. ತಿನ್ನಬಾರದು. ಮಲಗಬಾರದು. ಗುಂಪು ಸೇರಬಾರದು. ಇಬ್ಬರೇ ಇದ್ದರೆ ಅಸಭ್ಯವಾಗಿ ಕೂರಬಾರದು. ಅಸಭ್ಯವಾಗಿ ಕೂರುವುದು ಹೇಗೆ ಅಂತ ಬೋರ್ಡು ಹೇಳುವುದಿಲ್ಲ, ಅದನ್ನು ವಾಚ್‌ಮನ್ ನೋಡಿ ತೀರ್ಮಾನಿಸುತ್ತಾನೆ. ಇಷ್ಟೆಲ್ಲಾ ಆದ ಮೇಲೆ ಕೊನೇ ಸಾಲು, ದಪ್ಪ ಅಕ್ಷರದಲ್ಲಿ: 'ಇದು ನಿಮ್ಮ ಉದ್ಯಾನವನ.'

ನಮ್ಮದಂತೆ! ಸಂತೋಷ.

ಈ ಕ್ಲಾಕ್‌ವೈಸ್ ನಿಯಮ ಮಾತ್ರ ನನಗೆ ಬಹಳ ಹಿಡಿಸಿದೆ. ಬಲಕ್ಕೆ ಸುತ್ತಿದರೆ ಪ್ರದಕ್ಷಿಣೆ. ಎಡಕ್ಕೆ ಸುತ್ತುವುದು ಸತ್ತವರ ಅಪರಕ್ರಿಯೆಯಲ್ಲಿ. ಬೋರ್ಡು ಬರೆಸಿದ ಪುಣ್ಯಾತ್ಮರಿಗೆ ಶಾಸ್ತ್ರ ಗೊತ್ತಿದೆ. ಅಂದರೆ ಪಾರ್ಕಿನ ನಡುವೆ ದೇವರಿರಬೇಕು, ಅಲ್ವಾ? ನಮ್ಮ ಪಾರ್ಕಿನ ನಡುವೆ ಇರೋದು ಒಂದು ಕಾರಂಜಿ. ಉದ್ಘಾಟನೆಯ ದಿನ ಅದು ಚಿಮ್ಮಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಬಡಾವಣೆಯಲ್ಲಿದ್ದಾರೆ. ಆಮೇಲೆ ಯಾರಿಗೂ ದರ್ಶನ ಆಗಿಲ್ಲ. ನಾವು ದಿನಾ ಬೆಳಿಗ್ಗೆ ಅದರ ಸುತ್ತ ಬಲಕ್ಕೆ ಸುತ್ತುತ್ತಿದ್ದೇವೆ. ಒಂದಲ್ಲ ಒಂದು ದಿನ ಒಲಿಯಬಹುದು.

ಆದರೆ ಅಥ್ಲೆಟಿಕ್ಸ್‌ನವರಿಗೆ ಈ ಶಾಸ್ತ್ರ ಗೊತ್ತಿಲ್ಲ. ಜಗತ್ತಿನ ಎಲ್ಲ ಟ್ರ್ಯಾಕಿನಲ್ಲೂ ಓಟ ಆಂಟಿಕ್ಲಾಕ್‌ವೈಸ್. ಎಡಗೈ ಒಳಬದಿಗೆ. 1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಕ್ಲಾಕ್‌ವೈಸ್ ಓಡಿಸಿದ್ದರು. ಆಮೇಲೆ ಅದನ್ನು ಬಿಟ್ಟರು. ಬಿಟ್ಟದ್ದನ್ನು ಇಂದಿರಾನಗರದವರು ಎತ್ತಿಕೊಂಡು ಕಾಪಾಡಿದ್ದಾರೆ. ಕಂಠೀರವ ಕ್ರೀಡಾಂಗಣದಲ್ಲಿ ಓಡಿ ಪದಕ ಗೆದ್ದ ಹುಡುಗಿ ಆ ಪಾರ್ಕಿಗೆ ಬಂದರೆ ಒಂದೇ ಸಲಕ್ಕೆ ಎರಡು ಅಪರಾಧ. ಓಡಿದ್ದು ಒಂದು. ಎಡಕ್ಕೆ ಓಡಿದ್ದು ಇನ್ನೊಂದು.

ದಾರಿ ಕಿರಿದು, ಎದುರು ಬದುರು ಬಂದರೆ ಡಿಕ್ಕಿ ಆಗುತ್ತದೆ, ವಯಸ್ಸಾದವರು ಬೀಳುತ್ತಾರೆ ಅಂತ ಹೇಳುವವರಿದ್ದಾರೆ. ಅದು ನಿಜವೇ. ಇನ್ನೊಂದು ಲಾಭವೂ ಇದೆ. ಎಲ್ಲರೂ ಒಂದೇ ದಿಕ್ಕಿಗೆ ನಡೆದರೆ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ. ಬರೀ ಬೆನ್ನು. ಬಾಡಿಗೆ ಬಾಕಿ ಇಟ್ಟವನೂ ಮನೆ ಓನರೂ ಒಂದೇ ಪಾರ್ಕಿನಲ್ಲಿ ವರ್ಷಗಟ್ಟಲೆ ವಾಕ್ ಮಾಡಬಹುದು. ಸ್ವಲ್ಪ ಸ್ಪೀಡು ನೋಡಿಕೊಂಡರೆ ಸಾಕು.

ಇರಲಿ. ಪಾರ್ಕ್ ಅಭಿವೃದ್ಧಿಗೆ ಬರೋಣ. 'ಅಭಿವೃದ್ಧಿ ಕಾಮಗಾರಿ' ಅಂತ ಬ್ಯಾನರ್ ಕಟ್ಟಿದ ಕೂಡಲೇ ಪಾರ್ಕಿನ ಗಿಡಗಳು ಪ್ರಾಣ ಕೈಯಲ್ಲಿ ಹಿಡಿದು ನಿಲ್ಲುತ್ತವೆ. ಜೆಸಿಬಿ ಬರುತ್ತದೆ. ಚೆನ್ನಾಗಿದ್ದ ಕಲ್ಲುಚಪ್ಪಡಿ ಎದ್ದು ಇಂಟರ್‌ಲಾಕ್ ಟೈಲ್ಸ್ ಕೂರುತ್ತದೆ. ಮುಂದಿನ ಸಲ ಬೇರೆ ಬಣ್ಣದ ಇಂಟರ್‌ಲಾಕ್. ಅಂಗಳದಷ್ಟು ಜಾಗಕ್ಕೆ ಅರಮನೆಯಂಥ ಕಮಾನು. ಅದರ ಮೇಲೆ ಸುಮ್ನೆ ಪಾರ್ಕ್ ಅಂತ ಬರೆದರೆ ಆಗುವುದಿಲ್ಲ, ಒಬ್ಬರ ಹೆಸರಿರಬೇಕು, ಯಾರ ಅನುದಾನ ಅಂತ ಇರಬೇಕು, ಯಾರ ಸಮ್ಮುಖ ಅಂತ ಇರಬೇಕು. ಒಳಗೆ ಹೋದರೆ ಸಿಮೆಂಟಿನ ಜಿಂಕೆ. ಒಂದು ಕಿವಿ ಇಲ್ಲ. ಅದರ ಪಕ್ಕ ಬಾಯಿ ತೆರೆದು ನಿಂತ ಪೆಂಗ್ವಿನ್, ಕಸ ಹಾಕಲಿಕ್ಕೆ. ದಕ್ಷಿಣ ಧ್ರುವದ ಹಕ್ಕಿ ಇಷ್ಟು ದೂರ ಬಂದು ನಮ್ಮ ಚಿಪ್ಸ್ ಪ್ಯಾಕೆಟ್ಟು ನುಂಗುತ್ತಿದೆ. ಯಾವ ಜನ್ಮದ ಋಣವೋ.

ನೆರಳು ಕೊಡುವ ಮರ ಯಾಕೆ ನೆಡುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಪಾಪ, ಅವರಿಗೆ ಲೆಕ್ಕ ಗೊತ್ತಿಲ್ಲ. ಒಂದು ಹೊಂಗೆ ಗಿಡ ನೆಟ್ಟರೆ ಮೊದಲ ಒಂದೆರಡು ಬೇಸಿಗೆ ನೀರು ಹಾಕಬೇಕು. ಆಮೇಲೆ ಅದು ಯಾರನ್ನೂ ಏನೂ ಕೇಳುವುದಿಲ್ಲ. ತಾನಾಗಿ ಬೆಳೆಯುತ್ತದೆ, ಮೊಮ್ಮಕ್ಕಳ ಕಾಲಕ್ಕೂ ನೆರಳು ಕೊಡುತ್ತದೆ. ಏನೂ ಕೇಳದ ಮರದಿಂದ ಗುತ್ತಿಗೆದಾರನಿಗೆ ಏನು ಸಿಗುತ್ತದೆ? ಅದೇ ಲಾನ್ ನೋಡಿ. ದಿನಾ ನೀರು ಕೇಳುತ್ತದೆ. ಗೊಬ್ಬರ ಕೇಳುತ್ತದೆ. ಕತ್ತರಿಸು ಅನ್ನುತ್ತದೆ. ಇಷ್ಟು ಮಾಡಿದರೂ ಬೇಸಿಗೆಯಲ್ಲಿ ಒಣಗಿ, ಹೊಸದಾಗಿ ಹಾಸು ಅನ್ನುತ್ತದೆ. ಒಂದೊಂದಕ್ಕೂ ಒಂದೊಂದು ಬಿಲ್ಲು. ಹೊಂಗೆಗೆ ವ್ಯವಹಾರಜ್ಞಾನ ಇಲ್ಲ.

2024ರ ಮಾರ್ಚ್ ನೆನಪಿದೆಯಲ್ಲ. ನಗರದ ಎಷ್ಟೋ ಬೋರ್‌ವೆಲ್‌ಗಳು ಬತ್ತಿದವು. ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂದರು. ಲಾನುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದವು. ಬೇವು, ಹೊಂಗೆಗಳಿಗೆ ಸುದ್ದಿಯೇ ಮುಟ್ಟಲಿಲ್ಲ, ಎಂದಿನ ಹಾಗೆ ಚಿಗುರಿದವು. ಅದೇ ವರ್ಷ ಮಳೆ ಬಂದಾಗ ಇನ್ನೊಂದು ತಮಾಷೆ. ಪಾರ್ಕಿನ ತುಂಬ ಸಿಮೆಂಟು, ಟೈಲ್ಸು, ಮರದ ಬುಡಕ್ಕೂ ಸಿಮೆಂಟಿನ ಕಟ್ಟೆ. ಬಿದ್ದ ನೀರು ಇಂಗಲು ಜಾಗ ಇಲ್ಲದೆ ಸೀದಾ ಗೇಟಿನಿಂದ ರಸ್ತೆಗೆ. ಕಬ್ಬನ್ ಪಾರ್ಕಿನಲ್ಲಿ ಮಣ್ಣು ವಡ್ಡರು ಹಳೇ ಬಾವಿಗಳ ಹೂಳು ತೆಗೆದು, ಹೊಸ ಇಂಗುಬಾವಿ ತೋಡಿ, ಮಳೆನೀರು ಭೂಮಿಗೆ ಹೋಗುವ ಹಾಗೆ ಮಾಡಿದ್ದಾರೆ. ತಲೆತಲಾಂತರದಿಂದ ಬಾವಿ ತೋಡುತ್ತಾ ಬಂದವರು ಅವರು. ಆದರೆ ಇಂಗುಬಾವಿಯ ಮೇಲೆ ಹೆಸರು ಬರೆಯಲು ಜಾಗ ಎಲ್ಲಿದೆ? ನೆಲದೊಳಗೆ ಇಳಿದ ನೀರನ್ನು ರಿಬ್ಬನ್ ಕಟ್ ಮಾಡಿ ಉದ್ಘಾಟಿಸಲಿಕ್ಕೆ ಆಗುತ್ತದಾ?

ಓಪನ್ ಜಿಮ್ಮಿನ ದುರುಪಯೋಗ ಹೇಗೆ ಮಾಡುತ್ತಾರೆ ಅಂತ ನೋಡಿಕೊಂಡು ಬಂದೆ. ಜಾರುಬಂಡೆ ತೂತಾಗಿದೆ, ಉಯ್ಯಾಲೆಯ ಒಂದು ಸರಪಳಿ ಇಲ್ಲ. ಹಾಗಾಗಿ ಮಕ್ಕಳು ಜಿಮ್ ಸಲಕರಣೆಗೆ ಜೋತು ಬಿದ್ದಿವೆ. ಅದರ ಬೇರಿಂಗು ಹೋಗಿ ಕೀರಲು ಸದ್ದು ಬರುತ್ತಿದೆ. ಜಿಮ್ ಮಾಡಲು ಬಂದ ದೊಡ್ಡವರು ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿದ್ದಾರೆ. ಒಬ್ಬ ಹುಡುಗ ಧೈರ್ಯ ಮಾಡಿ ಚೆಂಡು ತಂದಿದ್ದ. ಹಿರಿಯರೊಬ್ಬರು ಗದರಿದರು. "ಏ ಮರಿ, ಬೋರ್ಡು ಓದೋಕೆ ಬರಲ್ವಾ?" ಅವನು ಹೇಳಿದ: "ಬರುತ್ತೆ ಅಂಕಲ್. ಎಲ್ಲಿ ಆಡ್ಬೇಕು ಅಂತ ಅದ್ರಲ್ಲಿ ಬರ್ದಿಲ್ಲ."

ಆ ಹಿರಿಯರನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಎದ್ದು ಬಂದು ಪೈಪು ಹಿಡಿಯುವವರು ಅವರೇ. ಲೈಟು ಕೆಟ್ಟರೆ ಫೋನ್ ಮಾಡುವವರೂ ಅವರೇ. ಅವರಿಲ್ಲದಿದ್ದರೆ ಇರೋ ನಾಲ್ಕು ದಾಸವಾಳವೂ ಸಾಯುತ್ತಿದ್ದವು. ಆದರೆ ಪೈಪು ಹಿಡಿದ ಕೈಗೆ ಬೋರ್ಡು ಬರೆಯುವ ಬ್ರಷ್ಷೂ ಸಿಕ್ಕಿಬಿಟ್ಟಿದೆ. ಯಾಕೆಂದರೆ ಅದನ್ನು ಹಿಡಿಯಬೇಕಾದವರು ಬರಲೇ ಇಲ್ಲ. ಬಿಬಿಎಂಪಿಗೆ, ಅಂದರೆ ನಮ್ಮ ಮಹಾನಗರ ಪಾಲಿಕೆಗೆ, ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಗೆದ್ದವರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಇವತ್ತು ನಾಳೆ ಅಂತ ಕಾದೆವು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆಯಿತು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಇನ್ನೊಂದು ಕೂತಿತು. ಮತ್ತೊಂದು ಚುನಾವಣೆ ಕಾಣದೆಯೇ ಒಂದು ಪಾಲಿಕೆ ಕಣ್ಣು ಮುಚ್ಚಿತು. ನಮ್ಮ ಪಾರ್ಕಿನ ಕಲ್ಲುಬೆಂಚಿಗೆ ಒರಗಿದರೆ ಮಾತ್ರ ಇವತ್ತಿಗೂ ಮಾಜಿ ಕಾರ್ಪೊರೇಟರ್ ಹೆಸರು ಬೆನ್ನಿಗೆ ಒತ್ತುತ್ತದೆ. ವಾರ್ಡಿನಲ್ಲಿ ಪ್ರಜಾಪ್ರಭುತ್ವ ಉಳಿದಿದ್ದು ಅಷ್ಟೇ.

ಒಂದು ಹಳೇ ಕಥೆ ಹೇಳುತ್ತೇನೆ. ಈ ಊರಿನದ್ದೇ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು 1976ರಲ್ಲಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಡಲು ಆದೇಶ ಬಂತು. ಮುಖ್ಯಮಂತ್ರಿಗಳ ಮಟ್ಟದಿಂದಲೇ. ಬಡಾವಣೆಯ ಜನ ಸುಮ್ಮನಿರಲಿಲ್ಲ. ಕೋರ್ಟಿಗೆ ಹೋದರು. ಹೈಕೋರ್ಟು ಆಯಿತು, ಸುಪ್ರೀಂ ಕೋರ್ಟೂ ಆಯಿತು. 1991ರ ಜುಲೈಯಲ್ಲಿ ಜನ ಗೆದ್ದರು. ಹದಿನೈದು ವರ್ಷ! ಐದು ವರ್ಷದ ಮಗು ಅಲ್ಲಿ ಆಡಬೇಕು ಅಂತ ಕಾದಿದ್ದರೆ ತೀರ್ಪು ಬರುವಾಗ ಅದಕ್ಕೆ ಇಪ್ಪತ್ತು. ದೇಶದ ಕಾನೂನು ಕಾಲೇಜುಗಳಲ್ಲಿ ಈ ಕೇಸು ಪಾಠ. ಹಿಂದೆಲ್ಲ ಉದ್ಯಾನ ಅಂದರೆ ಅರಸರದ್ದು, ಸಿರಿವಂತರದ್ದು; ಈಗ ಅದು ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನಡುವೆ 1985ರಲ್ಲಿ ಪಾರ್ಕು, ಆಟದ ಮೈದಾನ, ಖಾಲಿ ಜಾಗ ಉಳಿಸಲಿಕ್ಕೆಂದೇ ರಾಜ್ಯದಲ್ಲಿ ಒಂದು ಕಾನೂನೂ ಬಂತು.

ಅಷ್ಟು ಆದ ಮೇಲೆ ಇಡೀ ಪಾರ್ಕನ್ನು ಒಂದೇ ಸಲ ನುಂಗುವುದು ಕಷ್ಟ. ಹಾಗಾಗಿ ಮೂಲೆಯಿಂದ ಶುರು. ಒಂದು ಮೂಲೆಗೆ ಟ್ರಾನ್ಸ್‌ಫಾರ್ಮರ್. ಇನ್ನೊಂದು ಮೂಲೆಗೆ ಶುದ್ಧ ನೀರಿನ ಘಟಕ. ಮತ್ತೊಂದಕ್ಕೆ ಯಾವುದೋ ಆಫೀಸು. ನಾಲ್ಕನೆಯದಕ್ಕೆ ಗಣಪತಿ, ಅವನನ್ನು ಕೇಳುವವರಾರು? ಎಲ್ಲವೂ ಜನರಿಗಾಗಿಯೇ. ನಾಲ್ಕು ಮೂಲೆ ಕಳೆದ ಮೇಲೂ ನಡುವೆ ಕಾರಂಜಿ ಇದ್ದೇ ಇದೆ. ಪ್ರದಕ್ಷಿಣೆಗೆ ತೊಂದರೆ ಇಲ್ಲ.

ತಮಾಷೆ ಸಾಕು. ನನಗೆ ಸಿಟ್ಟು ಬರುವುದು ಮಧ್ಯಾಹ್ನದ ಬೀಗ ನೋಡಿದಾಗ.

ಈ ಊರಿನ ಪಾರ್ಕುಗಳು ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಮಧ್ಯಾಹ್ನ ಒಂದೂವರೆಗೆ ತೆಗೆಯುತ್ತಿದ್ದವು. 2024ರ ಜೂನ್‌ನಲ್ಲಿ ಉಪಮುಖ್ಯಮಂತ್ರಿಗಳು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆಗೆದಿಡಿ ಅಂದರು. ಒಳ್ಳೆಯ ಮಾತು. ನಮ್ಮ ಬಡಾವಣೆಯ ಗೇಟಿಗೆ ಅದು ಇನ್ನೂ ಕೇಳಿಸಿಲ್ಲ. ಹನ್ನೊಂದು ಗಂಟೆಗೆ ಹೋಗಿ, ಬೀಗ. ಯಾಕೆ ಅಂತ ಕೇಳಿದರೆ "ಸುಮ್ನೆ ಯಾರ್ಯಾರೋ ಬಂದು ಮಲಗ್ತಾರೆ ಸರ್" ಅನ್ನುತ್ತಾರೆ.

ಯಾರು ಆ ಯಾರ್ಯಾರೋ? ಬೆಳಗಿನ ಜಾವ ಎದ್ದು ನಿಮ್ಮ ಬೀದಿ ಗುಡಿಸಿದ ಪೌರಕಾರ್ಮಿಕರು. ರಾತ್ರಿಯಿಡೀ ನಿಮ್ಮ ಅಪಾರ್ಟ್‌ಮೆಂಟ್ ಕಾದ ಸೆಕ್ಯುರಿಟಿಯವನು. ನಿಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿರುವವರು, ಅವರ ಮಕ್ಕಳು. ಎರಡು ಆರ್ಡರ್ ನಡುವೆ ಹೆಲ್ಮೆಟ್ ತೆಗೆಯಲು ಜಾಗ ಹುಡುಕುವ ಡೆಲಿವರಿ ಹುಡುಗ. ಒಂದೇ ಕೋಣೆಯ ಮನೆಯಲ್ಲಿ ಪರೀಕ್ಷೆಗೆ ಓದಲಾಗದ ಹುಡುಗಿ. ಮನೆಯಲ್ಲಿ ಟ್ರೆಡ್‌ಮಿಲ್ ಇರುವವರಿಗಾಗಿ ಪಾರ್ಕು ಬೆಳಿಗ್ಗೆ ಐದಕ್ಕೇ ತೆರೆಯುತ್ತದೆ. ಈ ಪಾರ್ಕು ಬಿಟ್ಟರೆ ಬೇರೆ ನೆರಳೇ ಇಲ್ಲದವರು ಬರುವ ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ. ಮಲಗಬಾರದು ಅಂತಲೇ ಬೆಂಚಿನ ನಡುವೆ ಕಬ್ಬಿಣದ ಅಡ್ಡಪಟ್ಟಿ ಬೇರೆ. ಅದಕ್ಕೆ ಬಜೆಟ್ ಇತ್ತು. ಹೆಂಗಸರ ಶೌಚಾಲಯಕ್ಕೆ ನಲ್ಲಿ ಹಾಕಲು ಇರಲಿಲ್ಲ. ಅದಕ್ಕೂ ಬೀಗವೇ.

ನಿರ್ವಹಣೆ ಮಾಡಲಿಕ್ಕೆ ಮುಚ್ಚುತ್ತೇವೆ ಅನ್ನುತ್ತಾರೆ. ಮೂರೂವರೆ ಗಂಟೆ ಬೀಗ ಹಾಕಿ ಒಳಗೆ ಏನು ನಿರ್ವಹಣೆ ಮಾಡುತ್ತಾರೋ ಬಗ್ಗಿ ನೋಡಿ. ಮಾಲಿ ಹೊಂಗೆ ಮರದ ಕೆಳಗೆ ಮಲಗಿರುತ್ತಾನೆ. ಅವನ ಮೇಲೆ ನನಗೆ ಕೋಪ ಇಲ್ಲ. ಇಡೀ ಪಾರ್ಕನ್ನು ಸರಿಯಾಗಿ ಬಳಸುತ್ತಿರುವವನು ಅವನೊಬ್ಬನೇ.

ಐದೂ ಪಾಲಿಕೆಗಳ ಆಯುಕ್ತರಿಗೆ ನನ್ನದೊಂದು ಅರ್ಜಿ. ದುಡ್ಡು ಬೇಡ. ಟೆಂಡರ್ ಬೇಡ. ಜೆಸಿಬಿಯಂತೂ ದಯವಿಟ್ಟು ಬೇಡ. ಪಾರ್ಕಿನ ಗೇಟಿನ ಕೀಲಿಯನ್ನು ನಿಮ್ಮ ಆಫೀಸಿಗೆ ತರಿಸಿಕೊಳ್ಳಿ. ನಮ್ಮ ದೂರುಗಳನ್ನು ಇಡುತ್ತೀರಲ್ಲ, ಅದೇ ಬೀರುವಿನಲ್ಲಿ ಇಡಿ. ಆಮೇಲೆ ಯಾರು ಕೇಳಿದರೂ ಹುಡುಕಿಸುತ್ತಿದ್ದೇವೆ ಅಂತ ಹೇಳಿ.