ಜ್ವಾಲಾಮುಖಿ ಹನ್ನೆರಡೂವರೆಗೆ ಸಿಡಿಯುತ್ತೆ

ಕೋಲಾರದಲ್ಲಿ ಜ್ವಾಲಾಮುಖಿ ಇಲ್ಲ ಅಂತ ಭೂಗೋಳದ ಮೇಷ್ಟ್ರು ಹೇಳಿದರೆ ನಂಬಬೇಡಿ. ನನ್ನ ಮಗನ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲೇ ಏಳಿದ್ದವು. ಥರ್ಮಾಕೋಲ್ ಬೆಟ್ಟ, ನೆತ್ತಿಯಲ್ಲಿ ಕತ್ತರಿಸಿದ ನೀರಿನ ಬಾಟಲಿ, ಒಳಗೆ ಅಡುಗೆ ಸೋಡಾ. ವಿನೆಗರ್ ಸುರಿದರೆ ಬುಸ್ಸಂತ ಉಕ್ಕೋದು ಗೋಲಿ ಸೋಡಾದಲ್ಲಿರುವ ಅದೇ ಗಾಳಿ. ಮಕ್ಕಳು ಮಾತ್ರ 'ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಜಡ್ಜಸ್'ನಿಂದ ಹಿಡಿದು 'ಮ್ಯಾಗ್ಮಾ'ದವರೆಗೆ ಒಂದೇ ಉಸಿರಲ್ಲಿ ಒಪ್ಪಿಸುತ್ತಿದ್ದರು. ನಡುವೆ ತಡೆದರೆ ಮತ್ತೆ ಗುಡ್ ಮಾರ್ನಿಂಗಿಂದಲೇ ಶುರು.

ಏಳರಲ್ಲಿ ಒಂದು ನಂದು. ಮಗಂದು ಅನ್ನಬೇಕು, ಆದರೆ ರಾತ್ರಿ ಎರಡರವರೆಗೆ ಫೆವಿಕಾಲ್ ಹಚ್ಚಿದವನು ನಾನು, ಅವನು ಮಲಗಿದ್ದ. ಬಣ್ಣ ತೀರಿದ್ದರಿಂದ ದೇವರ ಮನೆಯ ಕುಂಕುಮ ಹಾಕಿದೆ. ಅರಿಶಿನಕ್ಕೆ ಸುಣ್ಣ ಬೆರೆಸಿದ ಕುಂಕುಮ, ವಿನೆಗರ್ ಬಿದ್ದದ್ದೇ ಹಳದಿಗೆ ತಿರುಗಿತು. ಆಮ್ಲ, ಪ್ರತ್ಯಾಮ್ಲದ ಅಪ್ಪಟ ಪಾಠ. 'ಲಾವಾ ಹಳದಿ ಇರಲ್ಲಪ್ಪಾ' ಅಂತ ಎರಡು ಮಾರ್ಕ್ಸ್ ಕಟ್.

ಮುಖ್ಯ ಅತಿಥಿಗಳು ಬರುವುದು ಹತ್ತಕ್ಕೆ ಅಂದಿದ್ದರು. 'ಸಾಹೇಬರು ಬರೋವರೆಗೂ ಯಾರೂ ಸಿಡಿಸಬಾರದು' ಅಂತ ಮೈಕಲ್ಲಿ ಆಜ್ಞೆಯಾಯಿತು. ಹನ್ನೆರಡೂವರೆಗೆ ಕಾರು ಬಂತು. ಏಳೂ ಒಟ್ಟಿಗೆ ಸಿಡಿದವು. ಸಾಹೇಬರು ಸೆಲ್ಫಿ ತೆಗೆಸಿಕೊಂಡರು. ಮೊದಲ ಬಹುಮಾನ ಬೆಂಗಳೂರಿನಿಂದ ಡಬ್ಬಿ ಸಮೇತ ಬಂದಿದ್ದ, ಲೈಟು ಮಿಣುಕುವ 'ಸ್ಮಾರ್ಟ್ ಸಿಟಿ'ಗೆ. ಅದರ ತಳದಲ್ಲಿ ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು.

ಮೂಲೆಯ ಬೆಂಚಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಟೊಮೆಟೊ ಇಟ್ಟುಕೊಂಡು ಕೂತಿದ್ದಳು. ಅವರಪ್ಪ ಮಂಡಿಗೆ ಹದಿನೈದು ಕೆಜಿ ಬಾಕ್ಸ್ ಹಾಕುವವರು. ದೋರುಗಾಯಿಗಳನ್ನೇ ಆರಿಸಿ ಮೂರು ಪಾಲು ಮಾಡಿದ್ದಳು: ಒಂದು ಬಯಲಲ್ಲಿ, ಒಂದು ಪೇಪರಲ್ಲಿ ಸುತ್ತಿ, ಒಂದು ಒದ್ದೆ ಗೋಣಿಚೀಲದಲ್ಲಿ. ದಿನಾ ಬೆಳಿಗ್ಗೆ ತೂಕ, ನೋಟ್‌ಬುಕ್ಕಲ್ಲಿ ಪೆನ್ಸಿಲ್ ಬರಹ. ಗೋಣಿಯವು ಆರನೇ ದಿನಕ್ಕೆ ಬೂಸ್ಟು ಹಿಡಿದಿದ್ದವು. ಅದನ್ನೂ ಬರೆದಿದ್ದಳು.

'ಲೈಟ್ ಎಲ್ಲಮ್ಮಾ?' ಅಂದರು ಜಡ್ಜ್.

'ಇಲ್ಲ ಸಾರ್.'

'ಒಂದು ಕೊಳೆತೇ ಹೋಗಿದೆಯಲ್ಲ. ಫೇಲಾಗಿರೋದನ್ನ ಯಾಕೆ ತಂದೆ?'

ಇದೇ ಜಿಲ್ಲೆಯ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಿಜ್ಞಾನಿಗಳು ಕಾದು ಕೂತು 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಆ ಕಣ ಕಣ್ಣಿಗೆ ಕಾಣಲ್ಲ, ಉಕ್ಕಲ್ಲ, ಸೆಲ್ಫಿಗೂ ಸಿಗಲ್ಲ. ನಮ್ಮ ಶಾಲೆಗೆ ತಂದಿದ್ದರೆ ಪಾಪ, ಸಮಾಧಾನಕರ ಬಹುಮಾನವೂ ಅನುಮಾನ.

ಅತಿಥಿಗಳ ಊಟಕ್ಕೆ ಸಾರು ಸಾಲಲಿಲ್ಲವಂತೆ. ಹುಡುಗಿ ಕೈತೊಳೆದು ಬಂದು ನೋಡಿದರೆ ಪೇಪರ್ ಮಾತ್ರ ಇದೆ, ಹಣ್ಣಿಲ್ಲ. ಅವಳು ಅಳಲಿಲ್ಲ. ಪೆನ್ಸಿಲ್ ತೆಗೆದು ಹನ್ನೆರಡನೇ ದಿನದ ಎದುರು ಬರೆದಳು: 'ತೂಕ 0 ಗ್ರಾಂ. ಕಾರಣ: ಮುಖ್ಯ ಅತಿಥಿ.'