ತೋಡು ಅಂದರೆ ತೋಡು

ಮಳೆಗಾಲ ಹತ್ತಿರ ಬಂತು ಅಂತ ನಮ್ಮ ಊರಿಗೆ ಗೊತ್ತಾಗುವುದು ಮೋಡ ನೋಡಿ ಅಲ್ಲ, ಜೆಸಿಬಿ ನೋಡಿ. ಮೇ ಕೊನೆಯ ವಾರ "ಮಳೆಗಾಲಪೂರ್ವ ಶುಚೀಕರಣ". ಹನ್ನೊಂದು ತಿಂಗಳು ಯಾರೂ ತಿರುಗಿ ನೋಡದ ಚರಂಡಿಗೆ ಒಂದೇ ಬೆಳಗ್ಗೆ ಕ್ಷೌರ. ಹುಲ್ಲು, ಜರಿಗಿಡ, ನಾಚಿಕೆಮುಳ್ಳು ಎಲ್ಲ ಬೋಳು. ಕೆರೆದ ಮಣ್ಣು ಎಲ್ಲಿಗೆ ಹೋಯಿತು ಅಂತ ಹುಡುಕಬೇಡಿ. ಚರಂಡಿಯ ಅಂಚಿನಲ್ಲೇ ಸಾಲಾಗಿ ರಾಶಿ ಹಾಕಿರುತ್ತಾರೆ, ಮೊದಲ ಮಳೆಗೆ ಅದು ತಾನಾಗಿ ವಾಪಸ್ ಇಳಿಯಬೇಕಲ್ಲ, ಸಾಗಾಟದ ಖರ್ಚು ಉಳಿಯಿತು.

ಇದರಲ್ಲಿ ಭಾಷೆಯ ತಪ್ಪೂ ಸ್ವಲ್ಪ ಇದೆ ಅಂತ ನನ್ನ ಅನುಮಾನ. ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳದವರು ಜಗಳವಿಲ್ಲದೆ ಹಂಚಿಕೊಂಡ ಶಬ್ದಗಳಲ್ಲಿ ತೋಡು ಒಂದು. ಗುಡ್ಡೆಯಿಂದ ಇಳಿದು, ಬೈಲಿನ ನಡುವೆ ಹರಿದು, ಹೊಳೆ ಸೇರುವ ಹಳ್ಳ. ಆದರೆ ಘಟ್ಟದ ಮೇಲಿನವರಿಗೆ ತೋಡು ಅಂದರೆ ಅಗೆ. ಬಾವಿ ತೋಡು, ಗುಂಡಿ ತೋಡು. ನಮ್ಮ ಜೆಸಿಬಿ ಕನ್ನಡ ಕಲಿತದ್ದು ಅಲ್ಲೇ ಇರಬೇಕು. ತೋಡು ಕಂಡಲ್ಲೆಲ್ಲ ಅದನ್ನು ಆಜ್ಞೆ ಅಂತ ತಿಳಿದು ತೋಡುತ್ತದೆ. ಕನ್ನಡ ಬೋರ್ಡನ್ನು ದುರ್ಬೀನು ಹಾಕಿ ಹುಡುಕುವ ಊರಲ್ಲಿ ಒಂದು ಯಂತ್ರವಾದರೂ ಕನ್ನಡ ಪಾಲಿಸುತ್ತಿದೆ, ಸಂತೋಷಪಡೋಣ.

ಮತ್ತೆ ಜೆಸಿಬಿ ನೋಡುವ ಸುಖವೇ ಬೇರೆ. ಯಕ್ಷಗಾನಕ್ಕೆ ಜನ ಕಡಿಮೆ ಅನ್ನುವವರು ಒಮ್ಮೆ ಬಂದು ನೋಡಿ. ನಾವು ಹದಿನೈದು ಮಂದಿ, ಲುಂಗಿ ಎತ್ತಿ ಕಟ್ಟಿ, ಕೈ ಹಿಂದೆ ಮಾಡಿ ನಿಂತಿರುತ್ತೇವೆ. ಯಾರಿಗೂ ಕೆಲಸವಿಲ್ಲ, ಯಾರಿಗೂ ಹೊರಡಲು ಮನಸ್ಸಿಲ್ಲ. ಜೆಸಿಬಿ ಕೈ ಎತ್ತಿದಾಗ ಒಂದು ನಿಟ್ಟುಸಿರು, ಮಣ್ಣು ಸುರಿದಾಗ ಇನ್ನೊಂದು. ಭಾಗವತರೊಬ್ಬರ ಕೊರತೆ ಅಷ್ಟೇ.

ಫಲಿತಾಂಶವನ್ನಂತೂ ಹೊಗಳಲೇಬೇಕು. ಈ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಜೊತೆಗೆ ಹನ್ನೆರಡು ಹೊಳೆ. ಇಷ್ಟು ನೀರನ್ನು ಇಷ್ಟು ಬೇಗ ಅರಬ್ಬೀ ಸಮುದ್ರಕ್ಕೆ ಗಡಿಪಾರು ಮಾಡುವುದು ಸುಲಭದ ಕೆಲಸವಾ? ಹುಲ್ಲು ಇದ್ದರೆ ನೀರು ನಿಂತು ನಿಂತು ಹೋಗುತ್ತದೆ, ಮಣ್ಣನ್ನು ಅಲ್ಲೇ ಬಿಡುತ್ತದೆ, ಸ್ವಲ್ಪ ನೆಲಕ್ಕೂ ಇಳಿಯುತ್ತದೆ. ಅಂಥ ಸೋಮಾರಿತನಕ್ಕೆ ಈಗ ಅವಕಾಶವಿಲ್ಲ. ಕಾಂಕ್ರೀಟು ಹಾಕಿದಲ್ಲಿ ಇನ್ನೂ ಚುರುಕು. ನಮ್ಮ ಅಜ್ಜಂದಿರು ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಸುರಂಗ ಕೊರೆದು, ಬಗ್ಗಿಕೊಂಡು ಒಳಗೆ ಹೋಗಿ, ಹನಿ ಹನಿ ನೀರು ಹೊರಗೆ ತಂದರು. ಏತಡ್ಕದಂಥ ಕಡೆ ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟಿ ತೋಟ ಉಳಿಸಿಕೊಂಡರು. ಪಾಪ, ಅವರಿಗೆ ಟ್ಯಾಂಕರ್ ಅಂತ ಒಂದಿದೆ ಅನ್ನುವುದು ಗೊತ್ತಿರಲಿಲ್ಲ.

ಚರಂಡಿ ರಸ್ತೆಯ ಕೊನೆಗೆ ಮುಗಿಯುತ್ತದೆ ಅಂತ ಎಸ್ಟಿಮೇಟು ಹೇಳುತ್ತದೆ. ಅದು ಮುಗಿಯುವುದು ತೋಡಿನಲ್ಲಿ. ಬೇಸಿಗೆಯಿಡೀ ರಸ್ತೆಯಲ್ಲಿ ಸೇರಿದ ಎಣ್ಣೆ, ಟಯರಿನ ಪುಡಿ, ಕೋಳಿ ಅಂಗಡಿಯವನು ರಾತ್ರಿ ಬಿಟ್ಟುಹೋದ ಚೀಲ, ಮೇಲಿಂದ ಕೆರೆದ ಕೆಂಪು ಮಣ್ಣು, ಎಲ್ಲ ಮೊದಲ ಮಳೆಗೇ ಒಟ್ಟಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಕೆಳಗಿಂದ ಮೀನು ಹತ್ತುತ್ತಿರುತ್ತದೆ, ಹೊಳೆಯಿಂದ ತೋಡಿಗೆ, ತೋಡಿಂದ ಗದ್ದೆಗೆ, ಮೊಟ್ಟೆ ಇಡಲಿಕ್ಕೆ. ಎದುರಿಗೆ ಕೆಸರಿನ ಗೋಡೆ. ಇಟ್ಟ ಮೊಟ್ಟೆಯ ಮೇಲೂ, ಕಲ್ಲಿನ ಸಂದಿನ ಹುಳ, ಏಡಿಗಳ ಮೇಲೂ ಮಣ್ಣು ಕೂತರೆ ಉಸಿರಾಡಲು ಏನು ಉಳಿಯಿತು?

ಗದ್ದೆ ಇದ್ದರೆ ತಾನೇ ಅನ್ನಿ. ಗುಡ್ಡೆ ಕಡಿದ ಮಣ್ಣು ಬೈಲಿಗೆ ಬಿತ್ತು, ಬೈಲಿನಲ್ಲಿ ನಿಲ್ಲುತ್ತಿದ್ದ ನೀರು ರಸ್ತೆಗೆ ಬಂತು, ಆದ್ದರಿಂದ ಚರಂಡಿ ಇನ್ನೂ ಆಳ ಬೇಕಾಯಿತು. ಗದ್ದೆ ಉಳಿಸಲು 2008ರಲ್ಲಿ ಕೇರಳದಲ್ಲಿ ಕಾನೂನು ಬಂತು, 2018ರಲ್ಲಿ ತಿದ್ದುಪಡಿಯೂ ಬಂತು. ಗದ್ದೆ ಅಂತ ಪಟ್ಟಿಯಲ್ಲಿ ಸೇರದ ನೆಲವಾದರೆ ಫೀಸು ಕಟ್ಟಿ 'ತರಂ ಮಾಟ್ಟಲ್' ಮಾಡಿಸಬಹುದು. ನೆಲದ ತರ ಬದಲಾಗುತ್ತದೆ. ನೀರಿನ ತರ ಬದಲಿಸುವ ಅರ್ಜಿ ಯಾವ ಕೌಂಟರಿನಲ್ಲಿ ಸಿಗುತ್ತದೆ? ಅದು ಇನ್ನೂ ತಗ್ಗಿಗೇ ಹೋಗುತ್ತಿದೆ.

ತಮಾಷೆ ಸಾಕು. ಗುಡ್ಡೆಯ ಮೇಲೆ ಬಿದ್ದದ್ದು ತೋಡಿಗೆ ಇಳಿಯುತ್ತದೆ ಅಂತ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಈ ಜಿಲ್ಲೆಗೆ ಗೊತ್ತಿರಬೇಕು. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ್ದು 2000ದವರೆಗೆ, ಎರಡು ದಶಕಕ್ಕೂ ಜಾಸ್ತಿ. ಪಡ್ರೆ ಅನ್ನುವ ಊರಿನ ಜನ ಆ ತೋಟಗಳ ಕೆಳಗೆ ಇದ್ದರು. ಅಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳನ್ನು ನೋಡಿದ ಮೇಲೂ ನಾವು ತೋಡನ್ನು ಚರಂಡಿಯ ಬಾಲ ಅಂತಲೇ ಲೆಕ್ಕ ಹಾಕುತ್ತೇವಲ್ಲ, ನಾಚಿಕೆ ಕೂಡ ಆಗುವುದಿಲ್ಲ, ಸುಸ್ತಾಗುತ್ತದೆ.

ಈ ಸಲ ನಾನು ಜೆಸಿಬಿ ಜೊತೆ ಬಂದ ಹುಡುಗನನ್ನು ಕೇಳಿದೆ, "ಮಾರಾಯ, ತೋಡು ಸೇರುವಲ್ಲಿ ಒಂದು ಹತ್ತು ಅಡಿ ಹುಲ್ಲು ಹಾಗೇ ಬಿಡು. ಆ ಕೇದಗೆ ಪೊದೆಯನ್ನೂ ಮುಟ್ಟಬೇಡ, ದಂಡೆ ಹಿಡಿದಿರುವುದೇ ಅದು."

ಹುಡುಗ ಒಳ್ಳೆಯವನೇ. ಫೋನ್ ತೆಗೆದು ಎಸ್ಟಿಮೇಟು ನೋಡಿದ. "ಇದರಲ್ಲಿ ಹುಲ್ಲು ಅಂತ ಐಟಂ ಇಲ್ಲ ಮಾಷ್ಟ್ರೇ" ಅಂದ.

ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿದರೆ ಹತ್ತು ಅಡಿಯೂ ಬೋಳು, ಕೇದಗೆ ಬೇರು ಮೇಲೆ ಮಾಡಿ ತೋಡಿನಲ್ಲಿ ಮಲಗಿತ್ತು. ಹುಡುಗ ನಕ್ಕು ಹೇಳಿದ, "ನೀವು ಹೇಳಿದಿರಿ ಅಂತ ಅಷ್ಟಕ್ಕೆ ಬಿಲ್ಲು ಹಾಕಲಿಲ್ಲ."