ಬೇಗಂ ರೊಕೆಯಾ ಮತ್ತು ಆ ಬಸ್ಸಿನ ಪರದೆ

ಬೇಗಂ ರೊಕೆಯಾ ಅಂದರೆ ಬಂಗಾಳದ ಲೇಖಕಿ, ಮುಸ್ಲಿಂ ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿದವರು. ಡಿಸೆಂಬರ್ 9 ಬಂತೆಂದರೆ ವಾಟ್ಸಾಪಿನಲ್ಲಿ ಅವರ ಹೆಸರಿನ ಅದೇ ಕಾರ್ಡು. ಒಂದು ಹಣತೆ, ತೆರೆದ ಪುಸ್ತಕ, ಕೆಳಗೆ ‘ಕತ್ತಲೆಗೆ ಬೆಳಕಾದ ಬೇಗಂ ರೊಕೆಯಾ’. ಈ ಸಲ ಬೆಳಗಿನಿಂದ ನಾಲ್ಕು ಬಂದವು. ಹುಟ್ಟಿದ್ದೂ (1880) ಹೋದದ್ದೂ (1932) ಇದೇ ತಾರೀಖು ಅನ್ನುವುದು ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಹಣತೆಯಂತೆ ಹಣತೆ! ಎಣ್ಣೆ ಎಲ್ಲಿಂದ ತಂದರು ಅಂತ ಒಬ್ಬರಾದರೂ ಕೇಳಬೇಡವೇ?

ಲೆಕ್ಕ ನೋಡಿ. ಗಂಡ ಸಖಾವತ್ ಹುಸೇನ್ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಹೆಣ್ಣುಮಕ್ಕಳ ಶಾಲೆಗೆಂದು 10,000 ರೂಪಾಯಿ ಎತ್ತಿಟ್ಟು 1909ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ಅಕ್ಟೋಬರಿನಲ್ಲಿ ಅಲ್ಲೇ ಶಾಲೆ ಶುರು, ಮಕ್ಕಳು ಐದು. ಮಲಮಗಳ ಕಡೆಯ ಆಸ್ತಿ ಜಗಳದಿಂದ ಊರೇ ಬಿಡಬೇಕಾಯಿತು. 1911ರ ಮಾರ್ಚ್ 16ಕ್ಕೆ ಕಲ್ಕತ್ತೆಯ ವಲಿಯುಲ್ಲಾ ಲೇನಿನ ಒಂದು ಮನೆಯಲ್ಲಿ ಮತ್ತೆ ಮೊದಲಿನಿಂದ, ಎಂಟು ಮಕ್ಕಳು. ಆಮೇಲೆ ದುಡ್ಡಿಟ್ಟಿದ್ದ ಬರ್ಮಾ ಬ್ಯಾಂಕೇ ಮುಳುಗಿತು.

ಸ್ವತಃ ರೊಕೆಯಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಂಗ್ಲಿಷ್ ಕಲಿಸಿದ್ದು. ಹಾಗಾಗಿ ಕ್ಲಾಸು ನಡೆಸುವುದು ಹೇಗೆ ಅಂತ ಕಲ್ಕತ್ತೆಯ ಬೇರೆ ಹೆಣ್ಣುಮಕ್ಕಳ ಶಾಲೆಗಳಿಗೆ ಹೋಗಿ ನೋಡಿ ಕಲಿತರು. ಟೀಚರುಗಳನ್ನು ಮದ್ರಾಸು, ಗಯಾ, ಆಗ್ರಾದಿಂದ ಕರೆಸಬೇಕಿತ್ತು. ಮುಸ್ಲಿಂ ಹೆಂಗಸರಿಗೆ ಸರ್ಕಾರಿ ಟ್ರೈನಿಂಗ್ ಶಾಲೆ ಅಂತ ಕಲ್ಕತ್ತೆಯಲ್ಲಿ ಆದದ್ದೇ 1919ರಲ್ಲಿ.

ಇಷ್ಟೆಲ್ಲ ಇದ್ದರೂ ಮಕ್ಕಳು ಮನೆಯಿಂದ ಶಾಲೆಗೆ ಬರುವುದು ಹೇಗೆ? ಹೆಂಗಸರು ಹೊರಗಿನವರ ಕಣ್ಣಿಗೆ ಬೀಳಬಾರದು ಅನ್ನುವ ಪರದೆಯ ಮನೆಗಳು. ನಡೆಸಿಕೊಂಡು ಬರುವಂತಿಲ್ಲ. ಗಾಡಿ ಇಲ್ಲದಿದ್ದರೆ ಹಾಜರಿ ಪುಸ್ತಕವೇ ಬೇಡ. ಆ ಬಸ್ಸಿನ ಕಥೆಯನ್ನು 1931ರ ‘ಅವರೋಧಬಾಸಿನಿ’ (ಪರದೆಯೊಳಗಿನ ಹೆಂಗಸರು) ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಸುತ್ತ ಮುಚ್ಚಿದ ಮೋಟಾರ್ ಬಸ್ಸು. ಗಾಳಿಗೆ ಅಂತ ಇದ್ದದ್ದು 3 ಇಂಚು ಅಗಲ, ಒಂದೂವರೆ ಅಡಿ ಉದ್ದದ ಎರಡು ಜಾಲರಿ, ಹಿಂದೊಂದು ಮುಂದೊಂದು. ಕಲ್ಕತ್ತೆಯ ಸೆಕೆ ಬೇರೆ. ಒಳಗೆ ಮಕ್ಕಳು ಕತ್ತಲೆಗೆ ಹೆದರಿ ಅತ್ತವು, ವಾಂತಿ ಮಾಡಿಕೊಂಡವು. ಮುಚ್ಚಿದ್ದನ್ನು ತೆರೆಸಿ ಬಣ್ಣದ ಪರದೆ ಕಟ್ಟಿಸಿದರು. ಆಗಲೂ ಮೂರ್ಛೆ ತಪ್ಪಲಿಲ್ಲ. ಗುರುತಿನ ಹೆಂಗಸೊಬ್ಬರ ಸೋದರನ ಮಗ ಅದನ್ನು ಓಡಾಡುವ ‘ಬ್ಲ್ಯಾಕ್ ಹೋಲ್’ (ಜನ ಉಸಿರುಗಟ್ಟಿ ಸತ್ತ ಕಲ್ಕತ್ತೆಯ ಹಳೆಯ ಸೆರೆಕೋಣೆ) ಅಂದನಂತೆ. ಇನ್ನೊಂದು ಕಡೆಯಿಂದ ನಾಲ್ಕು ಕಾಗದ! ಪರದೆ ಗಾಳಿಗೆ ಹಾರುತ್ತದೆ, ಮರ್ಯಾದೆ ಹೋಯಿತು, ಸರಿ ಮಾಡದಿದ್ದರೆ ಪತ್ರಿಕೆಗೆ ಬರೆಯುತ್ತೇವೆ, ಮಕ್ಕಳನ್ನು ಬಿಡಿಸುತ್ತೇವೆ. ಮುಚ್ಚಿದರೆ ಮಕ್ಕಳಿಗೆ ಉಸಿರಿಲ್ಲ, ತೆರೆದರೆ ಶಾಲೆಗೆ ಮಕ್ಕಳಿಲ್ಲ. ಹಣತೆ ಹಚ್ಚುವವರು ಇದಕ್ಕೊಂದು ಉಪಾಯ ಹೇಳಿ ನೋಡೋಣ.

‘ಅಷ್ಟು ಕ್ರಾಂತಿಕಾರಿಯಾದರೆ ತಾವೇ ಯಾಕೆ ಬುರ್ಖಾ ತೊಟ್ಟರು, ರಾಜಿ ತಾನೆ?’ ಅನ್ನುವ ಬುದ್ಧಿವಂತರೂ ಇದ್ದಾರೆ. ಹೌದು ಸ್ವಾಮಿ, ರಾಜಿ. ಸೋಫಾ ಮೇಲೆ ಕೂತು ಅನ್ನುವುದು ಸಲೀಸು. ಅವರು ಬುರ್ಖಾ ತೆಗೆದಿದ್ದರೆ ಮರುದಿನ ಬಸ್ಸು ಖಾಲಿ ಬರುತ್ತಿತ್ತು. ಪಾಠಪಟ್ಟಿಯಲ್ಲಿ ಕುರಾನ್, ಹೊಲಿಗೆ, ಅಡುಗೆಯ ಜೊತೆಗೇ ಇಂಗ್ಲಿಷನ್ನೂ ಸೇರಿಸಿದ್ದರ ಹಿಂದೆ ಇರುವುದೂ ಇದೇ ಲೆಕ್ಕ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇಲ್ಲಿ. ಇದೇ ಹೆಣ್ಣುಮಗಳು 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ‘ಸುಲ್ತಾನಾಸ್ ಡ್ರೀಮ್’ ಅನ್ನುವ ಕಥೆ ಬರೆದವರು. ಅದರಲ್ಲಿ ಹೆಂಗಸರು ಒಂದು ಚೌಕದ ಹಲಗೆಗೆ ಎರಡು ಸೀಟು ತಿರುಪು ಹಾಕಿ ಬಿಗಿದು, ಹೈಡ್ರೋಜನ್ ಚೆಂಡು ಕಟ್ಟಿ, ಆಕಾಶದಲ್ಲಿ ಹಾರಿಕೊಂಡು ಹೋಗುತ್ತಾರೆ. ಗಂಡಸರು ಮನೆಯೊಳಗೆ. ಅಂಥ ಗಾಡಿಯ ಕನಸು ಕಂಡವರಿಗೆ ಕಲ್ಕತ್ತೆಯಲ್ಲಿ ಒಂದು ಬಸ್ಸಿನ ಕಿಟಕಿ ತೆರೆಯಲು ಜನ ಬಿಡಲಿಲ್ಲ.

ಮುಂದಿನ ವರ್ಷ ಕಾರ್ಡು ಮಾಡುವವರೇ, ಆ ಹಣತೆ ತೆಗೆದು 3 ಇಂಚಿನ ಜಾಲರಿ ಬರೆಯಿರಿ.